ಕರೆಯೋಲೆಗಳ ಹಿಂಬದಿ

ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಔಷಧದಂಗಡಿಯ ಮಾಳಿಗೆಯಲ್ಲಿ ನನ್ನ ಅತ್ತಿಗೆಯ ಹಲ್ಲಿನ ಕ್ಲಿನಿಕ್ ಇತ್ತು. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಅವರು ತೀರಿಕೊಂಡು ವರ್ಷ ತುಂಬಿತು. ಹೋದ ತಿಂಗಳು ಕ್ಲಿನಿಕ್ಕನ್ನು ಖಾಲಿ ಮಾಡಿದೆವು. ರೋಗಿಗಳನ್ನು ಮಲಗಿಸುವ ಕುರ್ಚಿಯನ್ನು ಬೈಂದೂರಿನ ಒಬ್ಬ ಎಳೆಯ ಡಾಕ್ಟರು ಕೊಂಡುಹೋದರು. ಕಪಾಟು, ಬೆಂಚು, ಫ್ಯಾನು ಯಾರುಯಾರಿಗೋ ಹೋದವು. ನಾನು ಬ್ರಹ್ಮಾವರದ ಮನೆಗೆ ತಂದದ್ದು ನಾಲ್ಕು ಬಿಸ್ಕತ್ತಿನ ಡಬ್ಬಿಗಳನ್ನು ಮಾತ್ರ. ಅವುಗಳ ತುಂಬ ಮದುವೆ ಕಾಗದದ ತುಂಡುಗಳು.

ನಮ್ಮ ಕಡೆ ಪರಿಚಯದ ಡಾಕ್ಟರಿಗೆ ಕರೆಯೋಲೆ ಕೊಡದೆ ಯಾರೂ ಮದುವೆ ಮಾಡುವುದಿಲ್ಲ. ಹಲ್ಲು ಕೀಳಿಸಿಕೊಂಡವರು, ಹಲ್ಲು ಕಟ್ಟಿಸಿಕೊಂಡವರು, ಮಗಳ ಮದುವೆಗೆ ಮೊದಲು ಅವಳ ಎದುರು ಹಲ್ಲು ಸರಿ ಮಾಡಿಸಿದವರು, ಎಲ್ಲರೂ ಮೆಟ್ಟಿಲು ಹತ್ತಿ ಬಂದು ಕೊಟ್ಟುಹೋಗುತ್ತಿದ್ದರು. ಅತ್ತಿಗೆ ಹೆಚ್ಚಿನ ಮದುವೆಗಳಿಗೆ ಹೋಗುತ್ತಿರಲಿಲ್ಲ. ಆದರೆ ಒಂದು ಕಾಗದವನ್ನೂ ಎಸೆಯುತ್ತಿರಲಿಲ್ಲ. ಅಂಗೈ ಅಗಲಕ್ಕೆ ಕತ್ತರಿಸಿ, ಖಾಲಿ ಬದಿಯನ್ನು ಮೇಲೆ ಮಾಡಿ ಇಡುವುದು ನನ್ನ ಕೆಲಸ. ಆ ಖಾಲಿ ಬದಿಯಲ್ಲಿ ಅವರು ಓದಿದ ಸಂಶೋಧನೆಯ ಪೇಪರುಗಳ ವಿವರ ಬರೆಯುತ್ತಿದ್ದೆವು. ಒಂದು ಪೇಪರಿಗೆ ಒಂದು ಕಾರ್ಡು. ಮೇಲೆ ಬರೆದವರ ಹೆಸರು, ಪತ್ರಿಕೆ, ಸಂಪುಟ, ಪುಟ. ಕೆಳಗೆ ಆ ಬರೆದವರು ಏನು ಕಂಡುಕೊಂಡರು ಎನ್ನುವುದು ನಾಲ್ಕು ಸಾಲಿನಲ್ಲಿ.

ಹಲ್ಲಿನ ವಿಷಯದ ಪತ್ರಿಕೆಗಳಿಗೆ ಲೇಖನ ಸಿದ್ಧ ಮಾಡುವುದು ಅತ್ತಿಗೆಯ ಇನ್ನೊಂದು ಕಸುಬಾಗಿತ್ತು. ಕಸುಬು ಎನ್ನುವುದಕ್ಕಿಂತ ಹುಚ್ಚು ಎನ್ನಬಹುದು. ಹಿಂದೆ ಸ್ವಲ್ಪ ಕಾಲ ಒಂದು ಕಾಲೇಜಿನಲ್ಲಿ ಪಾಠ ಮಾಡಿದ್ದರು. ಬಿಟ್ಟ ಮೇಲೂ ಅಲ್ಲಿನ ಡಾಕ್ಟರುಗಳು ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು. "ಮೇಡಂ, ಲಿಟರೇಚರ್ ರಿವ್ಯೂ ಒಂದು ನೀವೇ ನೋಡಿಕೊಡಿ." ಒಂದು ವಿಷಯದ ಬಗ್ಗೆ ಈವರೆಗೆ ಯಾರು ಯಾರು ಏನು ಬರೆದಿದ್ದಾರೆ ಎಂದು ಓದಿ, ಅದನ್ನೆಲ್ಲ ಒಂದು ಕ್ರಮದಲ್ಲಿ ಜೋಡಿಸಿ ಹೇಳುವುದೇ ಆ ರಿವ್ಯೂ. ಲೇಖನ ಅಚ್ಚಾಗಿ ಬಂದಾಗ ಅದರಲ್ಲಿ ಐದಾರು ಹೆಸರುಗಳಿರುತ್ತಿದ್ದವು. ಅತ್ತಿಗೆಯ ಹೆಸರು ಇರುತ್ತಿರಲಿಲ್ಲ. ಒಂದು ಪೆಟ್ಟಿಗೆ ಸಿಹಿ ಬರುತ್ತಿತ್ತು. ಹಲ್ಲಿನ ಡಾಕ್ಟರಿಗೆ ಸಿಹಿ ತಂದುಕೊಡುವವರು ಹಲ್ಲಿನ ಡಾಕ್ಟರುಗಳೇ ಎಂದು ಅವರು ನಗುತ್ತಿದ್ದರು.

ಆದರೆ ಆ ನಗೆಯ ಹಿಂದೆ ಒಂದು ಆಸೆ ಇತ್ತು. ತನ್ನದೇ ರೋಗಿಗಳ ಬಗ್ಗೆ, ತನ್ನದೊಂದೇ ಹೆಸರಿನಲ್ಲಿ, ಒಂದು ಲೇಖನ ಬರಬೇಕು. ಒಂದೇ ಸಾಕು. ಅದನ್ನು ಅವರು ನನ್ನ ಹತ್ತಿರ ಒಂದೇ ಸಲ ಹೇಳಿದ್ದು. ಆ ಲೇಖನವನ್ನು ಹಾಳು ಮಾಡಿದವಳು ನಾನು ಎನ್ನುವ ಕಾರಣಕ್ಕೆ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಬಿಜೂರಿನವಳು. ಪಿಯುಸಿಗೆ ಓದು ನಿಂತಿತು. ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಗಂಡ ಪುಣೆಯಲ್ಲಿ ಹೋಟೆಲಿನ ಕೆಲಸದಲ್ಲಿದ್ದರು. ಮದುವೆಯಾಗದ ಅತ್ತಿಗೆ ನಮ್ಮ ಮನೆಯಲ್ಲೇ ಇದ್ದವರು, ನನಗೆ ಟೈಪಿಂಗ್ ಬರುತ್ತದೆ ಎಂದು ತಿಳಿದ ದಿನವೇ, "ನಾಳೆಯಿಂದ ನನ್ನೊಟ್ಟಿಗೆ ಹೊರಡ್. ಇಲ್ಲಿ ಕೂಕಂಡ್ ಎಂತ ಮಾಡ್ತೆ?" ಎಂದರು. ಹಾಗೆ ಶುರುವಾದದ್ದು ಹದಿನಾರು ವರ್ಷ ನಡೆಯಿತು.

ಮಧ್ಯಾಹ್ನ ಒಂದೂವರೆಗೆ ಕ್ಲಿನಿಕ್ಕಿನ ಬಾಗಿಲು ಮುಚ್ಚಿದರೆ ತೆರೆಯುವುದು ನಾಲ್ಕಕ್ಕೆ. ಆ ಹೊತ್ತು ನಮ್ಮದು. ಕುಚ್ಚಲಕ್ಕಿ ಅನ್ನ, ಮೀನಿನ ಗಸಿ ಇರುವ ಬುತ್ತಿ ಉಂಡು ಕೈತೊಳೆದರೆ ರೋಗಿಯ ಕುರ್ಚಿಯನ್ನು ಪೂರ್ತಿ ಮಲಗಿಸಿ, ಮೇಲೊಂದು ಬಿಳಿ ಬಟ್ಟೆ ಹಾಸಿ, ಕಾರ್ಡುಗಳನ್ನು ಅದರ ಮೇಲೆ ಹರಡುತ್ತಿದ್ದೆವು. ತಲೆಯ ಕಡೆ ಹಳೆಯ ಪೇಪರುಗಳು, ಕಾಲಿನ ಕಡೆ ಹೊಸವು. ಮೇಲಿನ ದೀಪ ಹಾಕಿದರೆ ಸಣ್ಣ ಅಕ್ಷರವೂ ಕಾಣುತ್ತಿತ್ತು.

"ಇದ್ ಪಂಕ್ತಿ ಕೂರ್ಸಿದಂಗೆ ಮಾರಾಯ್ತಿ," ಎನ್ನುತ್ತಿದ್ದರು. "ನೆಂಟರನ್ನ ಒಟ್ಟಿಗ್ ಕೂರ್ಸುದ್. ಜಗಳ ಇದ್ದವ್ರನ್ನ ಎದುರುಬದುರು ಕೂರ್ಸುದ್. ಯಾರನ್ನೂ ಊಟ ಇಲ್ದೆ ಕಳ್ಸುಕಾಗ."

ಕಾರ್ಡುಗಳನ್ನು ಅವರು ನೆನಪಿಟ್ಟುಕೊಳ್ಳುತ್ತಿದ್ದದ್ದು ಹಿಂಬದಿಯ ಮದುವೆಗಳಿಂದ. "ಆ ಬಾರ್ಕೂರಿನ ನಿಶ್ಚಿತಾರ್ಥ ತಕಂಬಾ" ಎಂದರೆ ಒಸಡಿನ ರಕ್ತಸ್ರಾವದ ಬಗ್ಗೆ ಯಾರೋ ಬರೆದ ಪೇಪರು. "ತಲ್ಲೂರಿನ ಗೃಹಪ್ರವೇಶ ಎಲ್ ಹೋಯ್ತ್?" ಎಂದರೆ ಮಕ್ಕಳ ಹಾಲುಹಲ್ಲು. ಒಮ್ಮೆ ಒಂದು ಕಾರ್ಡನ್ನು ಬಹಳ ಹೊತ್ತು ನೋಡಿ, "ಈ ಜೋಡಿ ಬಿಟ್ಟಾಯ್ತ್ ಅಂಬ್ರ್. ಪೇಪರ್ ಮಾತ್ರ ಗಟ್ಟಿ ಇತ್ತ್," ಎಂದರು.

ಉತ್ತರಕ್ರಿಯೆಯ ಕಾಗದಗಳನ್ನೂ ಅವರು ಇಟ್ಟುಕೊಳ್ಳುತ್ತಿದ್ದರು. ಅದು ನನಗೆ ಸರಿ ಕಾಣುತ್ತಿರಲಿಲ್ಲ. "ಅತ್ಗಿ, ಬೊಜ್ಜದ ಕಾಗ್ದ ಓದಿ ಬಿಸಾಡೂದ್. ಮನಿ ಒಳ್ಗ್ ಇಡೂಕಾಗ."

"ಇದ್ ಮನಿ ಅಲ್ದೆ, ಕ್ಲಿನಿಕ್. ಇಲ್ಲಿ ಬಪ್ಪವ್ರೆಲ್ಲ ಕೆನ್ನಿ ಹಿಡ್ಕಂಡೇ ಬತ್ರ್. ಇನ್ನ್ ಎಂತ ಅಶುಭ ಆಪುಕಿತ್ತ್? ಕಾಣ್, ಇದ್ರ ಹಿಂದ್ ಪೂರಾ ಖಾಲಿ. ದಪ್ಪ ಕಾಗ್ದ."

ಆದರೂ ನಾನು ಅವುಗಳನ್ನು ಕತ್ತರಿಸುತ್ತಿರಲಿಲ್ಲ. ಅವರೇ ಕತ್ತರಿಸುತ್ತಿದ್ದರು.

ಅವರ ಲೇಖನದ ವಿಷಯ ಕವಳ. ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಳ್ಳುವ ಕವಳ. ಕೆಲವರು ಅದರೊಳಗೆ ಹೊಗೆಸೊಪ್ಪು ಇಡುತ್ತಾರೆ, ಕೆಲವರು ಇಡುವುದಿಲ್ಲ. ಕವಳ ಹಾಕುವ ಹೆಂಗಸರ ಬಾಯಲ್ಲಿ, ಕೆನ್ನೆಯ ಒಳಬದಿಯಲ್ಲಿ, ಬಿಳಿ ಮಚ್ಚೆ ಮೂಡುವುದನ್ನು ಅತ್ತಿಗೆ ಬಹಳ ಕಾಲದಿಂದ ನೋಡುತ್ತ ಬಂದಿದ್ದರು. ಒಂದು ಫಾರಂ ತಯಾರಿಸಿದರು. ರೋಗಿಗಳ ಮೇಲಿನ ಅಧ್ಯಯನಕ್ಕೆ ಅನುಮತಿ ಕೊಡುವ ಕಮಿಟಿಗೆ ಬರೆದು ಒಪ್ಪಿಗೆ ತರಿಸಿದರು. ಹೊರಗೆ ಬೆಂಚಿನಲ್ಲಿ ಕೂತ ಹೆಂಗಸರನ್ನು ಕೇಳಿ ಫಾರಂ ತುಂಬುವುದು ನನ್ನ ಕೆಲಸ. ಒಳಗೆ ಬಾಯಿ ನೋಡಿ ಬರೆಯುವುದು ಅವರದು.

ಕೋಡಿಯ ಮೀನು ಮಾರುವ ಹೆಂಗಸರದ್ದು ಸುಲಭ. ಹೊಗೆಸೊಪ್ಪು ತಿನ್ನುತ್ತೀರಾ ಎಂದು ಕೇಳಿದರೆ, "ತಿಂತೆ, ನಿಂಗ್ ಬೇಕಾ?" ಎಂದು ಸೊಂಟದ ಸಂಚಿಗೆ ಕೈಹಾಕುತ್ತಿದ್ದರು. ಆದರೆ ಗದ್ದೆ ತೋಟ ಇರುವ ಮನೆಗಳಿಂದ ಗಂಡನ ಜೊತೆ, ಮಾವನ ಜೊತೆ ಬಂದು ಸೆರಗು ಸರಿಮಾಡಿಕೊಂಡು ಕೂರುವ ಹೆಂಗಸರು ಹಾಗಲ್ಲ. ತಲ್ಲೂರಿನ ಒಬ್ಬರು "ಹೊಗೆಸೊಪ್ಪಾ? ಛೀ, ಇಲ್ಲಪ್ಪ" ಎನ್ನುತ್ತ ರಿಜಿಸ್ಟರಿನ ಅಡಿಯಲ್ಲಿ ನನ್ನ ಕೈ ಚಿವುಟಿದರು. ಪಕ್ಕದಲ್ಲಿ ಅವರ ಯಜಮಾನರು ದಿನಪತ್ರಿಕೆ ಓದುತ್ತಿದ್ದರು. ನಾನು ಇಲ್ಲ ಎಂದು ಬರೆದೆ.

ಆಮೇಲೆ ಬಿಜೂರಿನಿಂದ ನನ್ನ ದೊಡ್ಡಮ್ಮ ಬಂದರು. ನನ್ನ ಅಮ್ಮನ ಅಕ್ಕ. ಅವರು ದನದ ಹಟ್ಟಿಯ ಹಿಂದೆ ನಿಂತು ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳು. ನಾನು ಪೆನ್ನು ತೆಗೆದದ್ದೇ ಅವರು ಹತ್ತಿರ ಸರಿದರು. "ಬರಿಬೇಡ ಮಗಾ. ಬಾಯಲ್ ಹೇಳಿದ್ದ್ ಹೋತ್ತ್. ಬರ್ದದ್ದ್ ಉಳೀತ್ತ್."

"ಯಾರೂ ಕಾಂತಿಲ್ಲ ದೊಡ್ಡಮ್ಮ. ಹೆಸ್ರ್ ಹಾಕೂದಿಲ್ಲ."

"ನೀ ಕಂಡಾಯ್ತಲ್ಲೆ."

ಅಲ್ಲೂ ಇಲ್ಲ ಎಂದು ಬರೆದೆ. ಇಷ್ಟೇ ಆಗಿದ್ದರೆ ಎರಡು ಫಾರಮ್ಮಿನ ತಪ್ಪು. ಆದರೆ ಆ ಮೇಲೆ ಅಂಥ ಮನೆಯ ಹೆಂಗಸರನ್ನು ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಕೇಳಿದರೆ ಅವರಿಗೆ ಮುಜುಗರ, ನನಗೂ ಮುಜುಗರ. ಮುಖ ನೋಡಿ ಇಲ್ಲ ಎಂದು ಗೀಚಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಅವರ ಮರ್ಯಾದೆ ಉಳಿಸಿದೆ ಎಂದೇ ನಂಬಿದ್ದೆ. ಅದು ಲೇಖನಕ್ಕೆ ಮುಟ್ಟುವ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ.

ಫಾರಮ್ಮುಗಳೆಲ್ಲ ಒಟ್ಟಾದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಕೆಳಗಿನ ಹೋಟೆಲಿನಿಂದ ಗೋಳಿಬಜೆ ತರಿಸಿದರು. ಅವರು ಎಣ್ಣೆತಿಂಡಿ ತರಿಸುವವರಲ್ಲ. "ಹೊಸತೊಂದ್ ಕಾಂತಿತ್ತ್ ಮಾರಾಯ್ತಿ," ಎಂದರು. ಹೊಗೆಸೊಪ್ಪು ಮುಟ್ಟದ ಹೆಂಗಸರಲ್ಲೂ ತಾವು ಎಣಿಸಿದ್ದಕ್ಕಿಂತ ತುಂಬ ಹೆಚ್ಚು ಮಚ್ಚೆ ಕಂಡಿದೆ, ಅದಕ್ಕೆ ಇಲ್ಲಿನ ಸುಣ್ಣವೋ ಅಡಿಕೆಯೋ ಕಾರಣವಿರಬೇಕು ಎಂದು ಅವರ ಲೆಕ್ಕಾಚಾರ. ಇಲ್ಲಿ ಸುಣ್ಣ ಚಿಪ್ಪಿನದು ಅಲ್ಲವೇ ಎಂದರು. ಚಿಪ್ಪು ಸುಡುವವರನ್ನು ಹುಡುಕಿ ಮಾತಾಡಬೇಕು ಎಂದರು. ನಾನು ಗೋಳಿಬಜೆ ತಿಂದೆ. ಖುಷಿಯಾಯಿತು. ಆಗಲೂ ನನಗೆ ತಿಳಿಯಲಿಲ್ಲ.

ಎರಡು ತಿಂಗಳು ಕುರ್ಚಿಯ ಮೇಲೆ ಕಾರ್ಡುಗಳು ಹೆಚ್ಚುತ್ತ ಹೋದವು. ಇಂಥದ್ದನ್ನು ಬೇರೆ ಯಾರಾದರೂ ಕಂಡಿದ್ದಾರೆಯೇ ಎಂದು ಅವರು ಓದಿದ್ದೇ ಓದಿದ್ದು. ಆ ಎರಡು ತಿಂಗಳ ಮಧ್ಯಾಹ್ನಗಳು ಈಗಲೂ ನನ್ನ ಕಣ್ಣ ಮುಂದೆ ಇವೆ. ಕಿಟಕಿಯ ಹೊರಗೆ ಬೈಂದೂರು, ಬೈಂದೂರು ಎಂದು ಕೂಗುವ ಬಸ್ಸಿನವರ ದನಿ. ಅತ್ತಿಗೆ ಕನ್ನಡಕವನ್ನು ತಲೆಯ ಮೇಲೆ ಏರಿಸಿ, ಅದನ್ನೇ ಮೇಜಿನ ಮೇಲೆಲ್ಲ ಹುಡುಕುವುದು. ಇಂಗ್ಲಿಷಿನಲ್ಲಿ ಓದಿದ್ದನ್ನು ನನಗೆ ಕುಂದಾಪ್ರ ಮಾತಲ್ಲಿ ಹೇಳುವುದು, ನನಗೆ ಅರ್ಥವಾದರೆ ಮಾತ್ರ ಕಾರ್ಡಿಗೆ ಬರೆಯುವುದು. "ನಿಂಗ್ ತಿಳೀದಿದ್ರೆ ನಂಗೂ ತಿಳೀಲಿಲ್ಲ ಅಂದೇ ಲೆಕ್ಕ," ಎನ್ನುತ್ತಿದ್ದರು.

ಕೊನೆಗೆ ಟೈಪ್ ಮಾಡಲು ಕೂತೆ. ಒಂದು ವಾಕ್ಯದಲ್ಲಿ, ಹೊಗೆಸೊಪ್ಪನ್ನು ಎಂದೂ ಬಳಸದ ಹೆಂಗಸರು, ಎಂದಿತ್ತು. ಆ ಎಂದೂ ಎನ್ನುವ ಇಂಗ್ಲಿಷ್ ಶಬ್ದವನ್ನು ಒತ್ತುವಾಗ ಹಟ್ಟಿಯ ಹಿಂದೆ ನಿಂತ ದೊಡ್ಡಮ್ಮ ಕಂಡರು. ಕೈ ನಿಂತಿತು.

ಅತ್ತಿಗೆ ಕಾರ್ಡು ಜೋಡಿಸುತ್ತಿದ್ದರು. "ಎಂತ, ಕರೆಂಟ್ ಹೋಯ್ತಾ?"

ಹೇಳಿದೆ. ಚಿವುಟಿದ್ದು, ದೊಡ್ಡಮ್ಮ, ಆಮೇಲೆ ಕೇಳದೆ ಬರೆದದ್ದು, ಎಲ್ಲ. ಹೇಳುವಾಗ ನಾನು ಅವರ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದೆ.

"ಎಷ್ಟ್ ಜನ?"

"ಗೊತ್ತಿಲ್ಲ ಅತ್ಗಿ."

ಅವರು ಬೈಯಲಿಲ್ಲ. ಕುರ್ಚಿಯ ಕೆಳಗಿನ ಗುಂಡಿಯನ್ನು ಕಾಲಿನಿಂದ ಒತ್ತಿ ಕುರ್ಚಿಯನ್ನು ಮೇಲೆ ಮಾಡಿದರು, ಕೆಳಗೆ ಮಾಡಿದರು, ಮತ್ತೆ ಮೇಲೆ ಮಾಡಿದರು. ಕಾರ್ಡುಗಳು ಅದರ ಜೊತೆ ಏರಿ ಇಳಿದವು. ನಾಲ್ಕು ಗಂಟೆಗೆ ಬಾಗಿಲು ತೆರೆದರು. ಆ ಸಂಜೆ ರೋಗಿಗಳ ಜೊತೆ ಮಾತಾಡಿದರು, ನನ್ನ ಜೊತೆ ಮಾತಾಡಲಿಲ್ಲ. ಮರುದಿನವೂ ಇಲ್ಲ.

ಮೂರನೆಯ ದಿನ ಬುತ್ತಿ ಬಿಚ್ಚುವಾಗ ಹೇಳಿದರು. "ಸುಳ್ಳ್ ಬರ್ಯೂವವ್ರನ್ನ ನಾ ಸುಮಾರ್ ಕಂಡಿದೆ. ಅವ್ರೆಲ್ಲ ತಮ್ಮ ಹೆಸ್ರಿಗೋಸ್ಕರ ಬರ್ಯೂದ್. ನೀ ಒಬ್ಳ್ ಕಾಣ್, ಬೇರೆಯವ್ರ ಮರ್ಯಾದಿಗೋಸ್ಕರ ಬರ್ದದ್ದ್." ಆಮೇಲೆ ಮೀನಿನ ಮುಳ್ಳು ಬಿಡಿಸುತ್ತ, "ತಪ್ಪ್ ನಂದೂ ಇತ್ತ್. ಗಂಡನ ಪಕ್ಕ ಕೂರ್ಸಿ ಕೇಂಡ್ರೆ ಯಾರ್ ಹೇಳ್ತ್ರ್? ನಾನಾರೂ ಹೇಳ್ತಿದ್ನಾ?" ಎಂದರು.

ಅವರು ಕಮಿಟಿಗೆ ಮತ್ತೆ ಬರೆದು, ಮನೆಗಳಿಗೆ ಹೋಗಲು ಒಪ್ಪಿಗೆ ತರಿಸಿದರು. ಆಮೇಲಿನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಮೊದಲು ಹೋದದ್ದು ಬಿಜೂರಿಗೆ, ದೊಡ್ಡಮ್ಮನಲ್ಲಿಗೆ. ಜಗಲಿಯಲ್ಲಿ ಕೂತೆವು. ಬಂದವರ ಮುಂದೆ ನೀರು, ಬೆಲ್ಲ, ಎಲೆ ಅಡಿಕೆಯ ತಟ್ಟೆ ಇಡುವುದು ಅಲ್ಲಿನ ಕ್ರಮ. ಎಲೆಯ ತಟ್ಟೆಯನ್ನು ಅತ್ತಿಗೆ ಯಾವ ಮನೆಯಲ್ಲೂ ಮುಟ್ಟಿದವರಲ್ಲ. ಅಂದು ತಟ್ಟೆಯನ್ನು ದೊಡ್ಡಮ್ಮನ ಕಡೆಗೇ ಸರಿಸಿ, "ನಂಗೂ ಒಂದ್ ಕಟ್ಟಿ ಕೊಡಿ. ನೀವ್ ಹಾಕೂದ್ ಹ್ಯಾಂಗೋ ಹಾಂಗೇ," ಎಂದರು.

ದೊಡ್ಡಮ್ಮ ಎಲೆಯ ತೊಟ್ಟು ಮುರಿದರು, ಬೆನ್ನಿಗೆ ಸುಣ್ಣ ಸವರಿದರು, ಅಡಿಕೆ ಇಟ್ಟರು. ಆಮೇಲೆ ಕೈ ತಾನಾಗಿ ಸೊಂಟದ ಸಂಚಿಗೆ ಹೋಯಿತು. ಅಲ್ಲಿ ನಿಂತಿತು. ನನ್ನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು.

"ನಿಮ್ಗ್ ತಡೂದಿಲ್ಲ ಡಾಕ್ಟ್ರಮ್ಮ. ನನ್ನಂಗೆ ಹಾಕಿರೆ ತಲಿ ತಿರ್ಗಿ ಇಲ್ಲೇ ಬೀಳ್ತ್ರಿ."

"ಹಾಂಗಾರೆ ಅದೊಂದ್ ಬಿಟ್ಟ್ ಕೊಡಿ."

ಇಬ್ಬರೂ ನಕ್ಕರು. ದೊಡ್ಡಮ್ಮ ಹೊಗೆಸೊಪ್ಪಿಲ್ಲದ ಕವಳ ಮಡಿಸಿ ಅತ್ತಿಗೆಗೆ ಕೊಟ್ಟರು, ತನ್ನದನ್ನು ತನ್ನ ಹಾಗೆ ಕಟ್ಟಿ ಎಲ್ಲರೆದುರೇ ಬಾಯಿಗಿಟ್ಟುಕೊಂಡರು. ಅತ್ತಿಗೆ ಜಗಿದು ಮುಖ ಹುಳಿ ಮಾಡಿದರು. ಹೊರಡುವ ಮೊದಲು ಬೆಳಕಿಗೆ ಕರೆದು ದೊಡ್ಡಮ್ಮನ ಬಾಯಿ ನೋಡಿ, "ಇದನ್ನ ಬಿಡ್ಕ್. ಇಲ್ದಿರೆ ನಾ ಪ್ರತೀ ತಿಂಗ್ಳ್ ಬತ್ತೆ," ಎಂದು ಗದರಿಸಿದರು.

"ಬನ್ನಿ. ಎಲಿ ಇಟ್ಟಿರ್ತೆ," ಎಂದರು ದೊಡ್ಡಮ್ಮ.

ಅದೇ ನಮ್ಮ ದಾರಿಯಾಯಿತು. ಯಾವ ಮನೆಯಲ್ಲೂ ಪ್ರಶ್ನೆ ಕೇಳಲಿಲ್ಲ. ನಮಗೊಂದು ಕಟ್ಟಿಕೊಡಿ ಎಂದೆವು. ಯಾರ ಕೈ ಸಂಚಿಗೆ ಹೋಯಿತು, ಯಾರದ್ದು ಹೋಗಲಿಲ್ಲ ಎಂದು ನೋಡಿದೆವು. ಆಮೇಲೆ ಅವರಿಗೇ ಹೇಳಿ, ಒಪ್ಪಿದರೆ ಬರೆದುಕೊಂಡೆವು. ತಲ್ಲೂರಿನ ಆ ಹೆಂಗಸು ಈ ಸಲ ಚಿವುಟಲಿಲ್ಲ. ಯಜಮಾನರು ತೋಟಕ್ಕೆ ಹೋಗಿದ್ದಾರೆ, ಬೇಗ ಬೇಗ ಬರ್ಕಣಿ ಎಂದರು. ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದವರು ಅತ್ತಿಗೆಯ ಹಲ್ಲಿನ ಕೆಂಪು ನೋಡಿ, "ಹ್ವಾಯ್, ಡಾಕ್ಟ್ರೇ, ನಿಮ್ ಹಲ್ಲ್ ಯಾರ್ ಕಾಂಬುದ್?" ಎಂದು ತಮಾಷೆ ಮಾಡುತ್ತಿದ್ದರು.

ಎಲ್ಲ ತಿದ್ದಿದ ಮೇಲೆ ಹೊಸತು ಎಂದುಕೊಂಡದ್ದು ಉಳಿಯಲಿಲ್ಲ. ಮಚ್ಚೆಗೆ ಹೊಗೆಸೊಪ್ಪೇ ಹೆಚ್ಚಿನ ಕಾರಣ ಎಂದು ಲೋಕಕ್ಕೆಲ್ಲ ಗೊತ್ತಿದ್ದದ್ದೇ ನಮ್ಮ ಫಾರಮ್ಮಿನಲ್ಲೂ ಇತ್ತು. ಸುಣ್ಣದ ಬಗ್ಗೆ ತೆಗೆದಿಟ್ಟ ಕಾರ್ಡುಗಳನ್ನು ಅತ್ತಿಗೆ ಒಂದೊಂದಾಗಿ ಕುರ್ಚಿಯಿಂದ ಎತ್ತಿ ಡಬ್ಬಿಗೆ ಹಾಕಿದರು. ನಾನು ಸಹಾಯಕ್ಕೆ ಹೋದರೆ, "ಬ್ಯಾಡ, ನಾ ಮಾಡ್ತೆ," ಎಂದರು. ಕೊನೆಗೆ ಉಳಿದ ಲೇಖನದಲ್ಲಿ ಅವರದೇ ಎನ್ನುವಂಥದ್ದು ಒಂದೇ ಇತ್ತು. ಕ್ಲಿನಿಕ್ಕಿನ ಫಾರಮ್ಮಿನಲ್ಲಿ ಒಂದು ಉತ್ತರ, ಜಗಲಿಯಲ್ಲಿ ಕವಳ ಕಟ್ಟಿಸಿದಾಗ ಇನ್ನೊಂದು ಉತ್ತರ. ಕೆಲವರನ್ನು ಕೇಳದೆಯೇ ಬರೆದದ್ದನ್ನೂ ಅವರು ಮುಚ್ಚಿಡಲಿಲ್ಲ. ಅದನ್ನೇ ಮುಂದೆ ಮಾಡಿ, ತಲೆಬರಹ ಬದಲಿಸಿ ಕಳಿಸಿದರು. ಒಂದು ಪತ್ರಿಕೆ ಇದರಲ್ಲಿ ಹೊಸದೇನಿಲ್ಲ ಎಂದು ಹಿಂದಕ್ಕೆ ಕಳಿಸಿತು. ಇನ್ನೊಂದು ಪತ್ರಿಕೆ ಹತ್ತು ಪ್ರಶ್ನೆ ಕೇಳಿತು. ಹತ್ತಕ್ಕೂ ಉತ್ತರ ಬರೆದೆವು. ತೆಗೆದುಕೊಂಡಿದ್ದೇವೆ ಎಂದು ಮೇಲ್ ಬಂದ ದಿನ ಅತ್ತಿಗೆ ಎರಡನೆಯ ಸಲ ಗೋಳಿಬಜೆ ತರಿಸಿದರು.

ಅದಾಗಿ ಮೂರು ವಾರಕ್ಕೆ, ಒಂದು ಮಂಗಳವಾರ ಬೆಳಿಗ್ಗೆ, ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಅವರು ನಡುವಿನಲ್ಲಿ ಕುಳಿತರು. "ನೀ ಹೋಗಿ ಬಾಗ್ಲ್ ತೆಗಿ, ಬತ್ತೆ," ಎಂದರು. ನಾನು ಬಾಗಿಲು ತೆಗೆದು ಫ್ಯಾನು ಹಾಕಿದೆ. ಅವರು ಬರಲಿಲ್ಲ.

ಉತ್ತರಕ್ರಿಯೆ ಮುಗಿದ ವಾರ ಕರೆಂಟಿನ ಬಿಲ್ಲು ನೋಡಲೆಂದು ಕ್ಲಿನಿಕ್ಕಿಗೆ ಹೋದವಳು ಕಂಪ್ಯೂಟರು ಹಾಕಿದೆ. ಪತ್ರಿಕೆಯವರ ಮೇಲ್ ಬಂದಿತ್ತು. ಲೇಖನದ ಪ್ರೂಫ್ ಕಳಿಸಿದ್ದರು. ಲೇಖಕರು ಒಪ್ಪಿಗೆ ಕೊಡಲು ಇದ್ದ ಗಡುವಿನಲ್ಲಿ ಒಂದೇ ದಿನ ಉಳಿದಿತ್ತು. ಮೂರು ಪ್ರಶ್ನೆಗಳು. ಹೆಸರಿನ ಅಕ್ಷರ ಸರಿಯೇ? ಸರಿ ಇತ್ತು. ಒಂದು ಪೇಪರಿನ ಪುಟಸಂಖ್ಯೆ ಬಿಟ್ಟುಹೋಗಿದೆ, ಕೊಡಿ. ಡಬ್ಬಿ ಬಿಚ್ಚಿ ಹುಡುಕಿದೆ. ಬಾರ್ಕೂರಿನ ಒಂದು ಉಪನಯನದ ಹಿಂದೆ ಸಿಕ್ಕಿತು. ಮೂರನೆಯದು ಹೀಗಿತ್ತು: ಕವಳ ಕಟ್ಟಿಕೊಡಲು ಕೇಳಿದ ವಿಷಯ ಓದುವವರಿಗೆ ಸ್ಪಷ್ಟವಾಗುವುದಿಲ್ಲ, ಹಾಗಾಗಿ ಹೆಂಗಸರನ್ನು ಮನೆಯಲ್ಲಿ ಸಂದರ್ಶಿಸಲಾಯಿತು ಎಂದು ಬದಲಿಸಿದ್ದೇವೆ, ಒಪ್ಪಿಗೆಯೇ?

ಒಪ್ಪಿಗೆ ಎಂದು ಒತ್ತಿದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಲೇಖನ ಬರುತ್ತಿತ್ತು, ಅವರ ಹೆಸರು ಬರುತ್ತಿತ್ತು. ಅವರು ಹೋದ ಸುದ್ದಿ ತಿಳಿದು ಪತ್ರಿಕೆಯವರು ಇಡೀ ಲೇಖನವನ್ನೇ ತಡೆದರೆ ಏನು ಮಾಡಲಿ ಎಂಬ ಹೆದರಿಕೆ ನನಗಿತ್ತು. ಆದರೆ ಇಲ್ಲದ್ದನ್ನು ಬರೆದು ಒಮ್ಮೆ ಆ ಲೇಖನವನ್ನು ಹಾಳು ಮಾಡಿದವಳು ನಾನು.

ಪತ್ರಿಕೆಗೆ ಹೋದ ಇ-ಮೇಲುಗಳನ್ನೆಲ್ಲ ಅತ್ತಿಗೆ ಹೇಳಿದಂತೆ ನಾನೇ ಟೈಪ್ ಮಾಡಿ ಕಳಿಸಿದ್ದು. ಹೇಳುವವರು ಇಲ್ಲದೆ ಬರೆದದ್ದು ಅದೊಂದೇ. ಮೊದಲು ಪೆನ್ನಿನಲ್ಲಿ ಬರೆದುಕೊಳ್ಳೋಣ ಎಂದರೆ ಮೇಜಿನಲ್ಲಿ ಖಾಲಿ ಕಾರ್ಡು ಇರಲಿಲ್ಲ. ಚೀಲದಲ್ಲಿ ಹಂಚಿ ಉಳಿದ ಅತ್ತಿಗೆಯ ಉತ್ತರಕ್ರಿಯೆಯ ಕಾಗದಗಳಿದ್ದವು. ಒಂದನ್ನು ತೆಗೆದು ಮಗುಚಿದೆ. ಹಿಂಬದಿ ಪೂರಾ ಖಾಲಿ ಇತ್ತು. ಕತ್ತರಿಸಲಿಲ್ಲ, ಇಡೀ ಕಾಗದದ ಮೇಲೆಯೇ ಬರೆದೆ. ಹೆಂಗಸರನ್ನು ಸಂದರ್ಶಿಸಿಲ್ಲ. ಅವರು ಕವಳ ಕಟ್ಟಿದರು, ಡಾಕ್ಟರು ನೋಡಿದರು. ಮೊದಲು ಕ್ಲಿನಿಕ್ಕಿನಲ್ಲಿ ತಪ್ಪು ಬರೆದುಕೊಂಡವಳು ನಾನು, ಡಾಕ್ಟರ ಸಹಾಯಕಿ. ದಯವಿಟ್ಟು ಡಾಕ್ಟರು ಬರೆದಂತೆಯೇ ಹಾಕಿ. ಡಾಕ್ಟರು ಈಗ ಇಲ್ಲ. ಇಂಗ್ಲಿಷಿನಲ್ಲಿ ಎಷ್ಟು ತಪ್ಪಿತ್ತೋ ಗೊತ್ತಿಲ್ಲ. ಕಳಿಸಿದೆ.

ಆರು ದಿನ ಉತ್ತರ ಬರಲಿಲ್ಲ. ದಿನವೂ ಬ್ರಹ್ಮಾವರದಿಂದ ಬಸ್ಸು ಹತ್ತಿ ಹೋಗಿ ನೋಡಿ ಬರುತ್ತಿದ್ದೆ. ಮನೆಯ ಫೋನಿನಲ್ಲೂ ನೋಡಬಹುದಿತ್ತೇನೋ. ಅಲ್ಲಿಯೇ ಹೋಗಿ ನೋಡಬೇಕೆನ್ನಿಸುತ್ತಿತ್ತು. ಏಳನೆಯ ದಿನ ಎರಡು ಸಾಲು ಬಂದಿತ್ತು. ಸಂತಾಪ ಹೇಳಿದ್ದರು. ಲೇಖಕರ ವಾಕ್ಯವನ್ನು ಮೊದಲಿನಂತೆ ಉಳಿಸಿದ್ದೇವೆ ಎಂದಿದ್ದರು.

ಅಚ್ಚಾದ ಮೇಲೆ ಪ್ರಿಂಟ್ ತೆಗೆಸಿ ಬಿಜೂರಿಗೆ ಒಯ್ದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಅವರಿಗೆ ಇಂಗ್ಲಿಷ್ ಬಾರದು.

"ಎಂತ ಬರ್ದಿದ್ರ್?"

"ನೀ ಕವಳ ಕಟ್ಟಿದ್ದ್ ಬರ್ದಿದ್ರ್."

"ನನ್ ಹೆಸ್ರ್ ಹಾಕಿದ್ರಾ?"

"ಇಲ್ಲ. ಯಾರ್ ಹೆಸ್ರೂ ಹಾಕ್ಲಿಲ್ಲ."

"ಹಾಂಗಾರೆ ಅಡ್ಡಿಲ್ಲ." ಮತ್ತೆ ಮೊದಲ ಹಾಳೆಗೆ ಬಂದು ಅದರ ಮೇಲ್ಭಾಗಕ್ಕೆ ಬೆರಳಿಟ್ಟರು. "ಇದ್ ಎಂತ, ದಪ್ಪಕ್ಷರದಲ್ ಇಪ್ಪುದ್?"

"ಅತ್ಗಿ ಹೆಸ್ರ್."

"ಮತ್ಯಾರ್ದ್ ಇತ್ತ್?"

"ಮತ್ಯಾರ್ದೂ ಇಲ್ಲ ದೊಡ್ಡಮ್ಮ. ಅವ್ರದ್ದೊಂದೇ."